ಕ್ಯಾಂಪಸ್ ಚಿತ್ರೋತ್ಸವದ ತಯಾರಿ: ಐದು ಚಿತ್ರ, ಒಂದು ಪರದೆ, ಎಂಟು ಫ್ಯಾನು

ವಾರ 1: ಪಟ್ಟಿ ಮತ್ತು ಅನುಮತಿ

ಏಷ್ಯಾದ ಚಿತ್ರಗಳು, ವಿಷಯ ಮನುಷ್ಯ ಮತ್ತು ಅವನ ನೆಲ-ನೀರು. ಹದಿನಾಲ್ಕರ ಪಟ್ಟಿ ಐದಕ್ಕೆ ಇಳಿದಿದೆ. ಕಾನೆಟೊ ಶಿಂಡೊ ಅವರ 'ದಿ ನೇಕೆಡ್ ಐಲ್ಯಾಂಡ್' (1960), ಜಿಯಾ ಜಾಂಗ್‌ಕೆ ಅವರ 'ಸ್ಟಿಲ್ ಲೈಫ್' (2006), ಗಿರೀಶ ಕಾಸರವಳ್ಳಿಯವರ 'ದ್ವೀಪ' (2002), ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀದ್ಸ್' (2022), ರ್ಯುಸುಕೆ ಹಮಗುಚಿ ಅವರ 'ಈವಿಲ್ ಡಸ್ ನಾಟ್ ಎಕ್ಸಿಸ್ಟ್' (2023). ಕುರೊಸಾವಾ ಅವರ 'ದೆರ್ಸು ಉಜಾಲಾ' (1975) ಕೈಬಿಟ್ಟಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ಎರಡೂ ಕಾಲು ಗಂಟೆ ಮೀರುವ ಚಿತ್ರ ಹಾಸ್ಟೆಲ್ ಊಟದ ಹೊತ್ತಿಗೆ ಅಡ್ಡ ಬಂದರೆ ಕೊನೆಯ ಅರ್ಧ ಗಂಟೆಗೆ ಸಭಾಂಗಣ ಖಾಲಿ.

ಅನುಮತಿಯ ವಿಷಯದಲ್ಲಿ ಗೊಂದಲ ಬೇಡ. ಒಟಿಟಿ ಚಂದಾ ಇದ್ದಮಾತ್ರಕ್ಕೆ ಸಭಾಂಗಣದಲ್ಲಿ ತೋರಿಸುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಗಳಿಗೆ ಒಂದಿಷ್ಟು ವಿನಾಯಿತಿ ಕೊಡುತ್ತದೆ. ಆದರೆ ಪ್ರೇಕ್ಷಕರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸೇರಿದವರು ಮಾತ್ರ ಆಗಿರಬೇಕು. 'ಎಲ್ಲರಿಗೂ ಸ್ವಾಗತ' ಎಂದು ಪೋಸ್ಟರ್ ಅಂಟಿಸಿದ ಕ್ಷಣ ಆ ಆಸರೆ ಹೋಯಿತು. ಇಲ್ಲಿ ಊರಿನವರೂ ಬರುತ್ತಾರಾದ್ದರಿಂದ ಐದೂ ಚಿತ್ರಗಳ ಹಕ್ಕುದಾರರಿಗೆ ಪತ್ರ ಹೋಗಿದೆ: ದಿನಾಂಕ, ಆಸನಗಳ ಸಂಖ್ಯೆ, ಟಿಕೆಟ್ ಇದೆಯೇ ಇಲ್ಲವೇ, ಯಾವ ಬಗೆಯ ಫೈಲ್ ಬೇಕು, ಇಷ್ಟೇ. ಕನ್ನಡ ಸಬ್‌ಟೈಟಲ್ ಫೈಲನ್ನು ಅವರಿಗೇ ಉಚಿತವಾಗಿ ಕೊಡುತ್ತೇವೆ ಎಂಬ ಸಾಲೂ ಇದೆ. ಶುಲ್ಕದ ಮಾತು ಮೆತ್ತಗಾಗಲು ಅದೊಂದು ದಾರಿ. ಸೆನ್ಸಾರ್ ಆಗದ ವಿದೇಶಿ ಚಿತ್ರಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿಯೂ ಬೇಕು. ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಂಡವರು ಕೆಟ್ಟರು.

ಫೈಲ್ ಕೇಳುವಾಗ ಡಿಸಿಪಿ (ಚಿತ್ರಮಂದಿರಗಳಿಗೆ ಕಳಿಸುವ ಡಿಜಿಟಲ್ ಪ್ರತಿ) ಬೇಡ ಎಂದು ಬರೆಯಲಾಗಿದೆ. ಬೀಗ ಹಾಕಿದ ಡಿಸಿಪಿ ಓಡಬೇಕಾದರೆ ಚಿತ್ರಮಂದಿರದ ಸರ್ವರ್ ಬೇಕು, ಆ ಸರ್ವರ್‌ಗೆಂದೇ ಮಾಡಿದ ಕೀಲಿ ಬೇಕು, ಕೀಲಿಗೆ ಅವಧಿಯೂ ಇರುತ್ತದೆ. ಲ್ಯಾಪ್‌ಟಾಪ್-ಪ್ರೊಜೆಕ್ಟರ್ ಜೋಡಿಗೆ 1080ಪಿ ಪ್ರೋರೆಸ್, ಇಲ್ಲವೇ ಹೆಚ್ಚಿನ ಬಿಟ್‌ರೇಟಿನ ಎಚ್.264 ಬಗೆಯ ವಿಡಿಯೊ ಫೈಲ್ ಸಾಕು.

ವಾರ 2: ಪರದೆ

ಪರದೆ 6 ಮೀಟರ್ ಅಗಲ, 3.375 ಮೀಟರ್ ಎತ್ತರ, ವಿಸ್ತೀರ್ಣ 20.25 ಚದರ ಮೀಟರ್. ಪ್ರೊಜೆಕ್ಟರ್ ಮೇಲೆ 5000 ಲ್ಯೂಮೆನ್ ಎಂದಿದೆ. ಸಿನಿಮಾ ಮೋಡ್‌ಗೆ ಹಾಕಿ, ದೀಪದ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 3000 ಎಂದು ಹಿಡಿಯುವುದು ಕ್ಷೇಮ. 3000ವನ್ನು 20.25ರಿಂದ ಭಾಗಿಸಿದರೆ 148 ಲಕ್ಸ್, ಇದು ಪರದೆಯ ಮೇಲೆ ಬೀಳುವ ಬೆಳಕು. ಪರದೆಯಿಂದ ಕಣ್ಣಿಗೆ ಬರುವ ಬೆಳಕು ಎಷ್ಟೆಂದು ತಿಳಿಯಲು, ಮಾಮೂಲಿ ಬಿಳಿ ಪರದೆಯಾದರೆ ಅದನ್ನು 3.14ರಿಂದ ಭಾಗಿಸಬೇಕು: ಚದರ ಮೀಟರಿಗೆ 47 ಕ್ಯಾಂಡೆಲಾ. ಚಿತ್ರಮಂದಿರದ ಮಾನದಂಡ 48. ಅಂದರೆ ಬೆಳಕು ಸಾಲದು ಎಂಬ ದೂರಿಗೆ ಅರ್ಥವಿಲ್ಲ. ಸಾಲದೆ ಇರುವುದು ಕತ್ತಲೆ.

ಪ್ರೊಜೆಕ್ಟರ್ ಬಂದ್ ಮಾಡಿ, ಲಕ್ಸ್ ಮೀಟರನ್ನು ಪರದೆಗೆ ಒತ್ತಿ ಹಿಡಿದಾಗ ಬಂದದ್ದು 5 ಲಕ್ಸ್. 148ಕ್ಕೆ 5 ಎಂದರೆ ಅತಿ ಬಿಳಿಗೂ ಅತಿ ಕಪ್ಪಿಗೂ ನಡುವೆ ಮೂವತ್ತು ಪಟ್ಟು ಅಂತರ, ಅಷ್ಟೇ. 'ಆಲ್ ದಟ್ ಬ್ರೀದ್ಸ್' ಶುರುವಾಗುವುದೇ ದೆಹಲಿಯ ರಾತ್ರಿಯಲ್ಲಿ, ನೆಲದ ಮಟ್ಟಕ್ಕೆ ಇಳಿದ ಕ್ಯಾಮೆರಾ ಕಸದ ನಡುವೆ ಓಡಾಡುವ ಇಲಿಗಳ ಮೇಲೆ ನಿಧಾನವಾಗಿ ಸರಿಯುವುದರಿಂದ. ಈ ಸಭಾಂಗಣದಲ್ಲಿ ಅದು ಬೂದು ಬಣ್ಣದ ಗೋಣಿತಾಟಿನ ಹಾಗೆ ಕಂಡಿತು. ಇಲಿ ಎಲ್ಲಿದೆ ಎಂದು ಹುಡುಕಬೇಕು. ಬೆಳಕಿನ ಮೂಲಗಳು ಮೂರು: ಕಿಟಕಿ ಮೇಲಿನ ವೆಂಟಿಲೇಟರುಗಳು, ನಿರ್ಗಮನದ ದೀಪ, ಪಕ್ಕದ ಸುಣ್ಣದ ಗೋಡೆ. ವೆಂಟಿಲೇಟರುಗಳಿಗೆ ಕಪ್ಪು ಬಟ್ಟೆ ಎರಡು ಪದರ (ಒಂದು ಪದರದಲ್ಲಿ ಹಗಲು ತೂರಿ ಬರುತ್ತದೆ). ನಿರ್ಗಮನದ ದೀಪವನ್ನು ಯಾವ ಕಾರಣಕ್ಕೂ ಮುಚ್ಚುವಂತಿಲ್ಲ, ಪರದೆಯ ಬದಿಗೆ ಮಾತ್ರ ಅಂಗೈ ಅಗಲದ ರಟ್ಟಿನ ಮರೆ. ಪರದೆಗೆ ಹತ್ತಿರದ ಮೂರು ಮೀಟರ್ ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟ ಮೇಲೆ ಮೀಟರ್ 0.5ಕ್ಕೆ ಬಂತು. ಅಂತರ ಈಗ ಮುನ್ನೂರು ಪಟ್ಟು. ಫೋನಿನ ಆ್ಯಪ್ ಇಷ್ಟು ಕಡಿಮೆ ಬೆಳಕಿನಲ್ಲಿ ನಂಬಿಕೆಗೆ ಬಾರದು, ನಿಜವಾದ ಮೀಟರ್ ಎರವಲು ತನ್ನಿ.

ವೇಳಾಪಟ್ಟಿ ಇದರಿಂದಲೇ ನಿರ್ಧಾರವಾಯಿತು. 'ದಿ ನೇಕೆಡ್ ಐಲ್ಯಾಂಡ್' ಕಪ್ಪು-ಬಿಳುಪು, ಬಹುಪಾಲು ಬಿಸಿಲು. ಮಧ್ಯಾಹ್ನ ಎರಡಕ್ಕೂ ತಡೆಯುತ್ತದೆ. 'ದ್ವೀಪ'ದ ಮಬ್ಬು ಮಳೆಗಾಲಕ್ಕೆ ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣ, ರಾಷ್ಟ್ರಪ್ರಶಸ್ತಿ ಪಡೆದದ್ದು. ಅದು ಸಂಜೆ ಏಳಕ್ಕೆ ಮುಂಚೆ ಬೇಡವೇ ಬೇಡ.

ಇನ್ನೊಂದು ತೊಡಕು ಚಲನೆಯದು. 'ಸ್ಟಿಲ್ ಲೈಫ್' ಮೊದಲಿಗೇ ದೋಣಿಯ ಪ್ರಯಾಣಿಕರ ಮುಖಗಳ ಮೇಲೆ ಕ್ಯಾಮೆರಾ ಮೆಲ್ಲಗೆ ಹಾಯುತ್ತದೆ. ಲ್ಯಾಪ್‌ಟಾಪ್ 60 ಹರ್ಟ್ಜ್‌ನಲ್ಲಿದ್ದರೆ ಸೆಕೆಂಡಿಗೆ 24 ಫ್ರೇಮನ್ನು ಹೊಂದಿಸಲು ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಹಾಯುವ ಬದಲು ಕ್ಯಾಮೆರಾ ಕುಂಟುತ್ತದೆ. ಔಟ್‌ಪುಟ್ಟನ್ನು 24 ಹರ್ಟ್ಜ್‌ಗೆ ಇಳಿಸಿದರೆ ಸರಿಹೋಯಿತು. ಪ್ರೊಜೆಕ್ಟರ್ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ವಾರ 3: ಕನ್ನಡ ಸಬ್‌ಟೈಟಲ್

ಅತಿ ಹೆಚ್ಚು ಸಮಯ ತಿಂದದ್ದು ಇದೇ. ಫೈಲ್ ಮಾತು, ಅದರ ವೇಳೆ ಎರಡೂ ಇರುವ ಸರಳ ಪಠ್ಯ, ಯುಟಿಎಫ್-8 ಎಸ್ಆರ್‌ಟಿ, ಫಾಂಟ್ ನೋಟೊ ಸಾನ್ಸ್ ಕನ್ನಡ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಒಡೆದು 'ಅಕ್ಕ' ಎಂಬುದು 'ಅಕ್‌ಕ' ಆಗುತ್ತದೆ. ಹಾರ್ಫ್‌ಬಜ್ (ಅಕ್ಷರ ಜೋಡಿಸುವ ತಂತ್ರಾಂಶ) ಇಲ್ಲದ ಪ್ಲೇಯರ್‌ನ ಹಣೆಬರಹ ಅದು. ಪ್ರದರ್ಶನದ ದಿನ ಯಾರ ಲ್ಯಾಪ್‌ಟಾಪ್ ಸಿಗುತ್ತದೋ ಗೊತ್ತಿಲ್ಲದ ಕಾರಣ, ಹಕ್ಕುದಾರರು ಒಪ್ಪಿದ ಚಿತ್ರಗಳಿಗೆ ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚೊತ್ತಿಬಿಡುವುದು ಎಂದು ತೀರ್ಮಾನ. 1080 ಸಾಲಿನ ಚಿತ್ರಕ್ಕೆ ಫಾಂಟ್ 56, ಕಪ್ಪು ಅಂಚು 3 ಪಿಕ್ಸೆಲ್. ಅಂಚಿಲ್ಲದಿದ್ದರೆ 'ಸ್ಟಿಲ್ ಲೈಫ್'ನ ಯಾಂಗ್ಸಿ ನದಿಯ ಮಂಜಿನಲ್ಲಿ ಬಿಳಿ ಅಕ್ಷರ ಕರಗಿಹೋಗುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ.

ಓದುವ ವೇಗದ ಲೆಕ್ಕ ಮೋಸ ಮಾಡುತ್ತದೆ. 'ಸ್ತ್ರೀ' ಓದುಗನಿಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಆರು ಸಂಕೇತ. ಸಂಕೇತ ಎಣಿಸುವ ಸಾಫ್ಟ್‌ವೇರ್ ಕೆಂಪು ದೀಪ ತೋರಿಸಿದಲ್ಲೆಲ್ಲ ಮಾತು ಕತ್ತರಿಸುತ್ತ ಹೋದರೆ ಉಳಿಯುವುದು ತಂತಿ ಸಂದೇಶ. ಸೆಕೆಂಡಿಗೆ ಎಂಟರಿಂದ ಹತ್ತು ಅಕ್ಷರ ಎಂದು ಇಟ್ಟುಕೊಂಡು, ಗಟ್ಟಿಯಾಗಿ ಓದಿ ನೋಡಿದ್ದೇ ಹೆಚ್ಚು ನಂಬಿಕೆಯ ಅಳತೆ.

ಸಬ್‌ಟೈಟಲ್ ಜಾರುವುದಕ್ಕೆ ಎರಡು ಮಾಮೂಲಿ ಕಾರಣ. 24 ಫ್ರೇಮಿಗೆ ಮಾಡಿದ್ದನ್ನು 23.976ಕ್ಕೆ ಹಾಕಿದರೆ 100 ನಿಮಿಷದ ಕೊನೆಗೆ ಆರು ಸೆಕೆಂಡ್ ವ್ಯತ್ಯಾಸ; 25ರದನ್ನು 23.976ಕ್ಕೆ ಹಾಕಿದರೆ ನಾಲ್ಕು ನಿಮಿಷ. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ತಪ್ಪಿದರೆ ಫ್ರೇಮ್ ದರದ ದೋಷ. ಮೊದಲಿಂದ ಕೊನೆವರೆಗೂ ಒಂದೇ ಅಳತೆಗೆ ತಪ್ಪಿದ್ದರೆ ಬರೀ ಸರಿಸಿದರಾಯಿತು.

ಇನ್ನು ಪದಗಳು. 'ಆಲ್ ದಟ್ ಬ್ರೀದ್ಸ್' ಚಿತ್ರದ ಇಂಗ್ಲಿಷ್ ಸಬ್‌ಟೈಟಲ್‌ನ 'ಕೈಟ್' ಪದವನ್ನು ಯಂತ್ರಾನುವಾದ ಸಲೀಸಾಗಿ 'ಗಾಳಿಪಟ' ಮಾಡಿತು. ಗಾಯಗೊಂಡ ಹಕ್ಕಿಗಳಿಗೆ ಶುಶ್ರೂಷೆ ಮಾಡುವ, ದೆಹಲಿಯ ವಜೀರಾಬಾದಿನ ಅಣ್ಣತಮ್ಮಂದಿರು ನೆಲಮಾಳಿಗೆಯಲ್ಲಿ ಗಾಳಿಪಟಗಳಿಗೆ ಬ್ಯಾಂಡೇಜ್ ಕಟ್ಟಿದ ಹಾಗಾಯಿತು. ಅದು ಹದ್ದು. ತಮಾಷೆಯೆಂದರೆ ದೆಹಲಿಯ ಹದ್ದುಗಳ ರೆಕ್ಕೆ ಕುಯ್ಯುವುದು ಗಾಳಿಪಟದ ಮಾಂಜಾ ದಾರವೇ, ಹಾಗಾಗಿ ಹುಡುಕಿ-ಬದಲಿಸು ಒತ್ತಿ ಕೈತೊಳೆದುಕೊಳ್ಳುವಂತಿಲ್ಲ. ಒಂದೊಂದು ಸಾಲನ್ನೂ ಮೂಲ ಹಿಂದಿ ಕೇಳಿಕೊಂಡೇ ತಿದ್ದಬೇಕು.

'ಸ್ಟಿಲ್ ಲೈಫ್' ನಡೆಯುವುದು ಚೀನಾದ ಫೆಂಗ್‌ಜಿಯೆಯಲ್ಲಿ, 175 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸುವ ತ್ರೀ ಗಾರ್ಜಸ್ ಅಣೆಕಟ್ಟಿಗಾಗಿ ಒಡೆದುಹಾಕುತ್ತಿರುವ ಊರಿನಲ್ಲಿ. ಮೊದಲ ಕರಡಿನಲ್ಲಿ 'ಸ್ಥಳಾಂತರ', 'ಪುನರ್ವಸತಿ' ಎಂದೆಲ್ಲ ಸರ್ಕಾರಿ ಸುತ್ತೋಲೆಯ ಮಾತಿತ್ತು. ಶರಾವತಿ ಸೀಮೆ ಈ ಅನುಭವಕ್ಕೆ ಯಾವತ್ತೋ ಪದ ಕೊಟ್ಟಾಗಿದೆ: 'ಮುಳುಗಡೆ', 'ಒಕ್ಕಲೆಬ್ಬಿಸು'. ಅಧಿಕಾರಿಗಳ ಬಾಯಲ್ಲಿ 'ಪುನರ್ವಸತಿ'ಯನ್ನೇ ಉಳಿಸಿ, ಮನೆ ಕಳೆದುಕೊಂಡವರ ಬಾಯಿಗೆ 'ಮುಳುಗಡೆ' ಕೊಟ್ಟಾಗ ಇಬ್ಬರ ನಡುವಿನ ಅಂತರ ತಾನಾಗಿ ಕೇಳಿಸಿತು. ನಾ. ಡಿಸೋಜರ ಕಾದಂಬರಿಯಿಂದ ಬಂದ 'ದ್ವೀಪ'ವನ್ನು ಅದೇ ದಿನ ಇಟ್ಟಿರುವುದೂ ಇದಕ್ಕೇ. ನಾಗಿ, ಗಣಪ, ದುಗ್ಗಜ್ಜ ಇರುವ ಸೀತಾಪರ್ವತದ ಸುತ್ತ ನೀರು ಏರುವುದನ್ನು ನೋಡಿದ ಪ್ರೇಕ್ಷಕನಿಗೆ ಫೆಂಗ್‌ಜಿಯೆ ಪರಊರಲ್ಲ. ಯಾವುದು ಮೊದಲು ಎಂಬ ಚರ್ಚೆ ಇತ್ತು. 'ಸ್ಟಿಲ್ ಲೈಫ್' ಮಧ್ಯಾಹ್ನದ ಬೆಳಕು ತಡೆದೀತು, 'ದ್ವೀಪ' ತಡೆಯದು. ಅಲ್ಲಿಗೆ ಚರ್ಚೆ ಮುಗಿಯಿತು.

ವಾರ 4: ಧ್ವನಿ

ಎಂಟು ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿದರೆ ಖಾಲಿ ಸಭಾಂಗಣದಲ್ಲಿ 52 ಡೆಸಿಬೆಲ್. ಈ ಐದು ಚಿತ್ರಗಳಿಗೆ ಇದು ವಿಷ. 'ದಿ ನೇಕೆಡ್ ಐಲ್ಯಾಂಡ್'ನಲ್ಲಿ ಮಾತೇ ಇಲ್ಲವೆನ್ನಬೇಕು. ಅಡ್ಡೆಯ ಎರಡೂ ತುದಿಗೆ ನೀರಿನ ಬಕೆಟ್ ತೂಗಿಸಿಕೊಂಡು ಗುಡ್ಡ ಹತ್ತುವ ಹೆಜ್ಜೆ, ಒಣ ಮಣ್ಣು ಹೀರಿಕೊಳ್ಳುವ ನೀರು, ಮತ್ತೆ ಮತ್ತೆ ಬರುವ ಒಂದು ರಾಗ. 'ಈವಿಲ್ ಡಸ್ ನಾಟ್ ಎಕ್ಸಿಸ್ಟ್'ನಲ್ಲಿ ತೊರೆಯ ನೀರನ್ನು ಸೌಟಿನಿಂದ ಕ್ಯಾನಿಗೆ ತುಂಬುವ ಸದ್ದು ಕೇಳದಿದ್ದರೆ, ಮುಂದೆ ಪ್ರವಾಸಿ ಶಿಬಿರದ ಸೆಪ್ಟಿಕ್ ಟ್ಯಾಂಕ್ ಎಲ್ಲಿ ಬರಬೇಕೆಂದು ಊರವರು ಯಾಕೆ ಅಷ್ಟು ಜಗ್ಗುತ್ತಾರೆ ಎಂಬುದೂ ತಿಳಿಯದು.

ಪರದೆ ಹತ್ತಿರದ ನಾಲ್ಕು ಫ್ಯಾನು ಬಂದ್. ಅವು ಹೇಗೂ ಬಟ್ಟೆಯ ಪರದೆಯನ್ನು ಅಲೆಯಾಡಿಸುತ್ತಿದ್ದವು. ಪರದೆಯ ಕೆಳಮಡಿಕೆಗೆ 6 ಮೀಟರ್ ಜಿಐ ಪೈಪ್ ತೂರಿಸಿದ ಮೇಲೆ ಅಲೆ ಪೂರ್ತಿ ನಿಂತಿತು. ಉಳಿದ ನಾಲ್ಕು ನಿಧಾನದಲ್ಲಿ: 43 ಡೆಸಿಬೆಲ್. ಹಳೆಯ ರೆಗ್ಯುಲೇಟರ್ ಕಡಿಮೆ ವೇಗದಲ್ಲಿ ಗುಂಯ್‌ಗುಡುತ್ತದೆ, ಎರಡನ್ನು ಬದಲಿಸಬೇಕು.

ಹಿಂದಿನ ಸ್ಪೀಕರ್ ಜೋಡಿ ಮುಂದಿನದಕ್ಕಿಂತ 12 ಮೀಟರ್ ದೂರ. ಶಬ್ದ ಅಷ್ಟು ದೂರ ಬರಲು 35 ಮಿಲಿಸೆಕೆಂಡ್ ಬೇಕು. ಹಿಂದಿನ ಜೋಡಿಗೆ ಇನ್ನೊಂದು 10 ಸೇರಿಸಿ 45 ಮಿಲಿಸೆಕೆಂಡ್ ತಡ ಕೊಟ್ಟಾಗ ಮಾತು ಪರದೆಯಿಂದಲೇ ಬಂದಂತಾಯಿತು. ಆರು ಚಾನೆಲ್‌ಗಳ 5.1 ಧ್ವನಿಯ ಫೈಲನ್ನು ಎರಡು ಸ್ಪೀಕರಿಗೆ ಹಾಗೇ ಬಿಟ್ಟಾಗ ಮಳೆ, ಹಕ್ಕಿ ಎಲ್ಲ ಕೇಳಿತು, ಮಾತು ಮಾತ್ರ ಮಾಯ. ಮಾತು ಇರುವುದು ನಡು ಚಾನೆಲ್‌ನಲ್ಲಿ, ಅದು ಎಲ್ಲಿಗೂ ಹೋಗಿರಲಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಮೊದಲೇ ಎರಡು ಚಾನೆಲ್‌ಗೆ ಬೆರೆಸಿ ಇಟ್ಟುಕೊಂಡಿದೆ.

ಧ್ವನಿ ಮೇಜಿಗೆ ಅಂಟಿಸಿದ ಚೀಟಿ: ಹಮಗುಚಿ ಚಿತ್ರದಲ್ಲಿ ಎಯ್ಕೊ ಇಶಿಬಾಶಿ ಅವರ ಸಂಗೀತ ಚಾಕುವಿನಲ್ಲಿ ಕುಯ್ದಂತೆ ತಟ್ಟನೆ ನಿಲ್ಲುತ್ತದೆ. ಅದು ನಿರ್ದೇಶಕರೇ ಮಾಡಿದ್ದು. ಕೇಬಲ್ ಮುಟ್ಟಬೇಡಿ.

ಬಾಕಿ: ರೆಗ್ಯುಲೇಟರ್ ಎರಡು, ಪ್ರೊಜೆಕ್ಟರ್ ಫಿಲ್ಟರಿನ ಧೂಳು (ಬಿಸಿಯಾಗಿ ನಡುವೆ ಆರುವುದು ಹೆಚ್ಚಾಗಿ ಇದರಿಂದಲೇ), 'ಸ್ಟಿಲ್ ಲೈಫ್' ಸಬ್‌ಟೈಟಲ್‌ನ ಕೊನೆಯ 140 ಸಾಲು, ಒಂದು ಹಕ್ಕುದಾರರ ಉತ್ತರ.