ಆಧಾರ್ ಕಾರ್ಡಿನ ಹಿಂದೆ ಎರಡು ಐನೂರು

ಆಧಾರ್ ಕಾರ್ಡು ಕೈಗೆ ಬಂದಾಗಲೇ ಯಾಕೋ ದಪ್ಪ ಅನ್ನಿಸಿತು. ಕವರಿನೊಳಗೆ ಕಾರ್ಡು, ಅದರ ಬೆನ್ನಿಗೆ ಐನೂರರ ಎರಡು ನೋಟು. ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿ ಮಡಚಿ ಇಟ್ಟಿದ್ದರು. ಕೊಟ್ಟವರು ನನ್ನ ಮುಖ ನೋಡುತ್ತಿರಲಿಲ್ಲ. ಲಾಬಿಯ ಮೂಲೆಯ ಕ್ರಿಸ್‌ಮಸ್ ಟ್ರೀಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕಳೆದ ಡಿಸೆಂಬರ್ 24, ಮಧ್ಯಾಹ್ನ ಮೂರು ಗಂಟೆ. ಕಾಸರಗೋಡಿನ ಬೇಕಲದ ಹತ್ತಿರ, ಸಮುದ್ರದ ಬದಿಯ ಒಂದು ರೆಸಾರ್ಟು, ಅದರ ರಿಸೆಪ್ಷನ್ ಕೌಂಟರಿನಲ್ಲಿ ನಾನು. ಹೆಸರು ಬೇಡ. 42 ರೂಮು, ಅವತ್ತು ಲೆಕ್ಕದಲ್ಲಿ ಹೌಸ್ ಫುಲ್. ಬೆಂಗಳೂರಿನ ಗಂಡ, ಹೆಂಡತಿ, ಆರು ವರ್ಷದ ಒಬ್ಬ ಹುಡುಗ. ಓಟಿಎ (ಆನ್‌ಲೈನ್ ಟ್ರಾವೆಲ್ ಸೈಟು) ಬುಕಿಂಗ್, ಗಾರ್ಡನ್ ವ್ಯೂ, ಎರಡು ರಾತ್ರಿ. ನಾನು ಬೆಳಿಗ್ಗೆಯೇ ಅವರಿಗೆ 112ನೇ ರೂಮು ಬ್ಲಾಕ್ ಮಾಡಿ ಕೀ ಕಾರ್ಡು ಕೂಡ ತಯಾರು ಮಾಡಿ ಇಟ್ಟಿದ್ದೆ.

ಮೊದಲು ಅವರು ನ್ಯಾಯವಾಗಿಯೇ ಕೇಳಿದ್ದರು. "ಸೀ ವ್ಯೂಗೆ ಎಷ್ಟು ಜಾಸ್ತಿ ಆಗುತ್ತೆ?" ರಾತ್ರಿಗೆ ಎರಡು ಸಾವಿರ, ಮತ್ತೆ ಟ್ಯಾಕ್ಸ್ ಅಂದೆ. ಅವರು ಫೋನ್ ತೆಗೆದು ಲೆಕ್ಕ ಹಾಕಿದರು. ಇಲ್ಲೇ ನಮ್ಮ ಅಪ್‌ಸೆಲ್ (ಗೆಸ್ಟಿಗೆ ಹೆಚ್ಚಿನ ಬೆಲೆಯ ರೂಮು ಒಪ್ಪಿಸುವುದು) ಎಲ್ಲ ಸಾಯುವುದು. 6,800ರ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್, ಒಟ್ಟು 7,140. ಎರಡು ಸಾವಿರ ಸೇರಿಸಿದರೆ 8,800. ಬಾಡಿಗೆ 7,500 ದಾಟಿದ ಕೂಡಲೇ ಟ್ಯಾಕ್ಸ್ 18 ಪರ್ಸೆಂಟ್, ಅದೂ ಪೂರ್ತಿ ಮೊತ್ತಕ್ಕೆ. 10,384. ಅಂದರೆ ಎರಡು ಸಾವಿರ ಅಂತ ಹೇಳಿದ್ದು ಕೈಗೆ ಬರುವಾಗ 3,244. "ಏನ್ ಸಾರ್ ಇದು?" ಎಂದು ನನ್ನನ್ನೇ ಕೇಳಿದರು. ಟ್ಯಾಕ್ಸ್ ಹಾಕಿದ್ದು ನಾನಲ್ಲ, ಆದರೆ ಕೌಂಟರಿನಲ್ಲಿ ನಿಂತದ್ದು ನಾನೇ ಅಲ್ವಾ. ನಮ್ಮ ಅಪ್‌ಸೆಲ್ ಟಾರ್ಗೆಟ್ ಬರೆಯುವವರು ಈ ಲೆಕ್ಕವನ್ನು ಒಮ್ಮೆಯಾದರೂ ಗೆಸ್ಟಿನ ಎದುರು ನಿಂತು ಮಾಡಿ ನೋಡಬೇಕು.

ಅವರು ಫೋನ್ ಜೇಬಿಗೆ ಹಾಕಿದರು. ಹೆಂಡತಿಯ ಹತ್ತಿರ ಏನೋ ಹೇಳಿದರು. ಆಮೇಲೆ ಬಂದದ್ದು ಈ ದಪ್ಪ ಆಧಾರ್. ಜತೆಗೆ, ಬಾಯಿಪಾಠ ಮಾಡಿದ ಹಾಗೆ ಒಂದು ವಾಕ್ಯ: "ಕಾಂಪ್ಲಿಮೆಂಟರಿ ಅಪ್‌ಗ್ರೇಡ್ ಏನಾದ್ರೂ ಇದ್ರೆ ನೋಡಿ."

ಈ ವಾಕ್ಯ ನನಗೆ ಗೊತ್ತು. ಇದು ಲಾಸ್ ವೇಗಸ್ಸಿನದು. ಅಲ್ಲಿ ಐಡಿ ಕಾರ್ಡು ಮತ್ತು ಕ್ರೆಡಿಟ್ ಕಾರ್ಡಿನ ನಡುವೆ ಇಪ್ಪತ್ತು ಡಾಲರಿನ ನೋಟು ಇಟ್ಟು ಚೆಕ್‌ಇನ್ ಕೌಂಟರಿನವರ ಹತ್ತಿರ ಇದೇ ಮಾತು ಹೇಳುತ್ತಾರೆ. ಸ್ಯಾಂಡ್‌ವಿಚ್ ಅಂತಲೇ ಅದರ ಹೆಸರು. ಅಲ್ಲಿ ಎಂಜಿಎಂ ಗ್ರ್ಯಾಂಡ್ ಒಂದರಲ್ಲೇ 5,000ಕ್ಕೂ ಮಿಕ್ಕಿ ರೂಮು. ಅಷ್ಟು ದೊಡ್ಡ ಮನೆಯಲ್ಲಿ ಯಾವ ಹೊತ್ತಿಗೂ ಎಲ್ಲೋ ಒಂದು ಒಳ್ಳೆಯ ರೂಮು ಸುಮ್ನೆ ಖಾಲಿ ಬಿದ್ದಿರಬಹುದು. ನಮ್ಮ 42ರಲ್ಲಿ ಸೀ ವ್ಯೂ ಇರುವುದೇ ಹತ್ತು.

ಅಪ್‌ಗ್ರೇಡ್ ಆಗುವುದು ಬೆಳಿಗ್ಗೆ ಒಂಬತ್ತು ಗಂಟೆಗೆ, ಗೆಸ್ಟು ಇನ್ನೂ ತಲಪಾಡಿ ಟೋಲ್ ಗೇಟ್ ಕೂಡ ದಾಟದೆ ಇರುವಾಗ. ಕೈಯಲ್ಲಿ ಅರೈವಲ್ ಲಿಸ್ಟು, ಪಕ್ಕದಲ್ಲಿ ಆರಿದ ಚಾಯ. ಗಾರ್ಡನ್ ವ್ಯೂ ಓವರ್‌ಬುಕ್ ಆಗಿದ್ದರೆ ಯಾರನ್ನಾದರೂ ಮೇಲೆ ಕಳಿಸಲೇಬೇಕು. ಆಗ ಯಾರನ್ನು? ಮೊದಲು ರಿಪೀಟ್ ಗೆಸ್ಟು. ಆಮೇಲೆ ನಮಗೇ ಫೋನ್ ಮಾಡಿ ಬುಕ್ ಮಾಡಿದವರು. ಆಮೇಲೆ ವಯಸ್ಸಾದವರು, ಹೊಸದಾಗಿ ಮದುವೆಯಾದವರು. ಓಟಿಎಯಲ್ಲಿ ಆಫರ್ ಹುಡುಕಿ ಬಂದವರು ಲಿಸ್ಟಿನ ಕೊನೆಗೆ. ಕೌಂಟರಿನಲ್ಲಿ ನೋಟು ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಇದನ್ನೇ ನಾನು ಅವರಿಗೆ ನಗುತ್ತಾ ಹೇಳಿ ಕವರನ್ನು ಹಾಗೇ ವಾಪಸ್ ಕೊಡಬಹುದಿತ್ತು. ಹದಿಮೂರು ವರ್ಷದಲ್ಲಿ ಹತ್ತಾರು ಸಲ ಕೊಟ್ಟಿದ್ದೇನೆ ಕೂಡ.

ಅವತ್ತು ಯಾಕೆ ಕೊಡಲಿಲ್ಲ? ಆ ಹೊತ್ತಿಗೇ ಮನೆಯಿಂದ ಫೋನ್ ಬಂತು. "ಆಯ್ತಮ್ಮ, ರಾತ್ರಿ ತಡ ಆಗ್ತದೆ" ಅಂದೆ, ಅಷ್ಟೇ. ಅವರ ಮುಖ ಅರಳಿತು. "ಅರೆ, ನೀವು ಕನ್ನಡದವ್ರಾ! ಕೇರಳದಲ್ಲಿ!" 1956ರ ನವೆಂಬರ್ 1ರ ತನಕ ನಮ್ಮ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಇಲ್ಲಿಯ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, ಇತ್ಯಾದಿ. ಈ ಟೇಪು ವಾರಕ್ಕೆ ನಾಲ್ಕು ಸಲ ಓಡಿಸುತ್ತೇನೆ. ಸಾಧಾರಣವಾಗಿ ಜನ ಅರ್ಧಕ್ಕೇ ಲಿಫ್ಟಿನ ಕಡೆ ನೋಡುತ್ತಾರೆ. ಇವರು ಪೂರ್ತಿ ಕೇಳಿದರು. "ಹಾಗಾದ್ರೆ ನಮ್ಮವ್ರೇ ಬಿಡಿ" ಅಂದರು. ಆ ಮಾತಿಗೆ ನಾನು ಕರಗಿದೆ. ಸಾವಿರ ರೂಪಾಯಿ ಅದರ ಹಿಂದೆ ತಾನಾಗಿಯೇ ಬ್ಲೇಜರಿನ ಜೇಬಿಗೆ ಇಳಿಯಿತು.

ಸಿಸ್ಟಮ್‌ನಲ್ಲಿ 207 ಕಾಣುತ್ತಿತ್ತು. ಸೀ ವ್ಯೂ, ವೇಕೆಂಟ್ ಕ್ಲೀನ್, ಡಮ್ಮಿ ಹೆಸರಿನಲ್ಲಿ ಬ್ಲಾಕ್. ಬ್ಲಾಕ್ ಮಾಡಿದ್ದು ನಮ್ಮ ಡ್ಯೂಟಿ ಮ್ಯಾನೇಜರ್. ಅವರಿಗೆ ಸೀಸನ್‌ನಲ್ಲಿ ಯಾವಾಗಲೂ ಒಂದು ಒಳ್ಳೆಯ ರೂಮನ್ನು ಹೀಗೆ ಬಚ್ಚಿಡುವ ಚಾಳಿ. ಓನರಿನ ಗೆಳೆಯರು ಯಾರಾದರೂ ಹೇಳದೆ ಬಂದರೆ ಇರಲಿ ಅಂತ. ಇದೂ ಅದೇ ಅಂದುಕೊಂಡೆ. ಕ್ರಿಸ್‌ಮಸ್ಸಿಗೆ ಇಷ್ಟು ಹೊತ್ತಾದ ಮೇಲೆ ಯಾವ ಗೆಳೆಯ ಬರುತ್ತಾನೆ? ಬ್ಲಾಕ್ ತೆಗೆದೆ. ಇವರನ್ನು ಹಾಕಿದೆ. ಬೆಲ್ ಬಾಯ್ ಹುಡುಗ ಬ್ಯಾಗು ಎತ್ತುವ ಮೊದಲು ಒಂದು ಕ್ಷಣ ನಿಂತ. "207?" ಅಂತ ಕೇಳಿದ. "ಹೌದು ಮಾರಾಯ, ಹೋಗು" ಅಂದೆ.

ಅವನು ಯಾಕೆ ನಿಂತ ಅಂತ ಕೇಳಲಿಲ್ಲ.

ಏಳೂವರೆಗೆ ಒಂದು ವಾಕ್‌ಇನ್ ಬಂತು, ಬುಕಿಂಗ್ ಇಲ್ಲದೆ ನೇರ ಬಂದ ಗೆಸ್ಟು. ಖಾಲಿಯಾಗಿದ್ದ 112ನ್ನು ರ್‍ಯಾಕ್ ರೇಟಿಗೆ, ಅಂದರೆ ರಿಯಾಯಿತಿ ಇಲ್ಲದ ಪೂರ್ತಿ ದರಕ್ಕೆ ಕೊಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನಮ್ಮವರಿಗೆ ಸಮುದ್ರ, ಹೋಟೆಲಿಗೆ ರೆವಿನ್ಯೂ, ನನಗೆ ಸಾವಿರ. ಈಗ ನಿಜವಾಗಿ ಹೌಸ್ ಫುಲ್.

ನೈಟ್ ಆಡಿಟರ್ ಹುಡುಗ ಕ್ರಿಸ್‌ಮಸ್ ಬಲಿಪೂಜೆಗೆ ಹೋಗಿದ್ದ. ಒಂದು ಗಂಟೆಯ ತನಕ ನಾನೇ ನಿಲ್ಲುತ್ತೇನೆ ಅಂದಿದ್ದೆ. 11.40ಕ್ಕೆ ಗಾಲಾ ಡಿನ್ನರ್ ಮುಗಿದು ಲಾಬಿಯಲ್ಲಿ ಜನವೋ ಜನ. ಲಿಫ್ಟಿನ ಬಾಗಿಲು ತೆರೆಯಿತು. ನಮ್ಮವರು ಬರ್ಮುಡಾ ಚಡ್ಡಿಯಲ್ಲಿ ಹೊರಗೆ ಬಂದರು. ಕೈಯಲ್ಲಿ ದಿಂಬು. ಅದನ್ನು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ನೇರ ಬಂದು ಕೌಂಟರಿನ ಮೇಲೆ ಇಟ್ಟರು. ಪಚಕ್ ಅಂತ ಶಬ್ದ. ದಿಂಬಿನಿಂದ ನೀರು ಮೆಲ್ಲಗೆ ಗ್ರಾನೈಟಿನ ಮೇಲೆ ಹರಡಿ ನನ್ನ ಜಿಆರ್‌ಸಿ (ಗೆಸ್ಟು ತುಂಬುವ ರಿಜಿಸ್ಟ್ರೇಶನ್ ಕಾರ್ಡು) ಕಟ್ಟಿನ ಕಡೆಗೆ ಬಂತು. ನಾನು ಮೊದಲು ಕಟ್ಟನ್ನು ಎತ್ತಿದೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ.

"ಎಸಿಯಿಂದ ಸುರೀತಿದೆ. ನೇರ ತಲೆ ಮೇಲೆ."

"ಸಾರ್, ಐದು ನಿಮಿಷ, ಬೇರೆ ರೂಮು..." ಎಂದು ಬಾಯಿಯಿಂದ ಬಂದೇಬಿಟ್ಟಿತು. ಎಲ್ಲಿದೆ ಬೇರೆ ರೂಮು? ಪರದೆಯಲ್ಲಿ ಮೇಲಿನಿಂದ ಕೆಳಗೆ ಎಲ್ಲ ಕೆಂಪು. ಆದರೂ ಮೌಸ್ ಆಡಿಸುತ್ತಾ ಇದ್ದೆ. ರೂಮು ಹುಡುಕುತ್ತಿದ್ದೇನೆ ಅಂತ ಅವರಿಗೆ ಕಾಣಬೇಕಲ್ಲ. ಒಂದು ನಿಮಿಷ, ಎರಡು ನಿಮಿಷ. 112ರಲ್ಲಿ ವಾಕ್‌ಇನ್ ಗೆಸ್ಟು ಗೊರಕೆ ಹೊಡೆಯುತ್ತಿರಬೇಕು. ಕೊನೆಗೆ "ಸಾರಿ ಸಾರ್, ಫುಲ್" ಅಂದೆ.

ಆಗ ಅವರು ಆ ಮಾತು ಹೇಳಿದರು. ಮೆಲ್ಲಗೆ ಹೇಳಿದ್ದರೆ ಸಾಕಿತ್ತು. "ಸಾವಿರ ರೂಪಾಯಿ ಕೊಟ್ಟಿದ್ದು ಈ ರೂಮಿಗಾ?"

ಲಾಬಿಯಲ್ಲಿ ಕನ್ನಡ ಗೊತ್ತಿಲ್ಲದವರಿಗೂ ಸಾವಿರ ಅನ್ನುವುದು ಗೊತ್ತಾಗುತ್ತದೆ. ಅಲ್ಲಿ ನಿಂತಿದ್ದರು ಡ್ಯೂಟಿ ಮ್ಯಾನೇಜರ್. ಮಾಪ್ ಹಿಡಿದು ಬಂದಿದ್ದರು ಹೌಸ್‌ಕೀಪಿಂಗಿನ ಚೇಚಿ (ಅಕ್ಕ). ಮೆಟ್ಟಿಲ ಹತ್ತಿರ ಆ ಬೆಲ್ ಬಾಯ್. ನಮ್ಮಲ್ಲಿ ಟಿಪ್ ಬಾಕ್ಸ್ ಅಂತ ಒಂದಿದೆ. ಬಂದದ್ದೆಲ್ಲ ಅದಕ್ಕೆ ಹಾಕಬೇಕು, ತಿಂಗಳ ಒಂದನೇ ತಾರೀಕು ಪಾಯಿಂಟ್ ಲೆಕ್ಕದಲ್ಲಿ ಹಂಚುತ್ತಾರೆ, ಪಾತ್ರೆ ತೊಳೆಯುವವರ ತನಕ. ಅದಕ್ಕೆ ಬೀಳದ ನನ್ನ ಸಾವಿರದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬೆಲ್ ಬಾಯ್ ಮಾತ್ರ ನನ್ನ ಬ್ಲೇಜರಿನ ಜೇಬು ನೋಡಿದ. ನಾಲ್ಕು ಬ್ಯಾಗು ಹೊತ್ತ ಅವನಿಗೆ ಅವರು ಎಷ್ಟು ಕೊಟ್ಟಿದ್ದರೋ ಏನೋ.

"ಮೋನೇ, ಲಾಗ್ ಬುಕ್ ನೋಕ್ಕಿಯಿಲ್ಲೇ?" ಅಂದರು ಚೇಚಿ. "ಞಾನ್ ಎಳುದಿಯಿಟ್ಟುಂಡಲ್ಲೋ." ಲಾಗ್ ಬುಕ್ ನೋಡಲಿಲ್ವಾ, ನಾನು ಬರೆದಿಟ್ಟಿದ್ದೆನಲ್ಲ ಅಂತ.

ಬರೆದಿದ್ದರು. ಹಿಂದಿನ ದಿನದ ಪುಟದಲ್ಲಿ, ಚೆಂದದ ದುಂಡು ಅಕ್ಷರದಲ್ಲಿ, ಮಲಯಾಳದಲ್ಲಿ. 207 ಎಸಿ ಡ್ರೈನ್ ಬ್ಲಾಕ್, ರೂಮು ಕೊಡಬೇಡಿ. ನಾನು ಹತ್ತನೇ ಕ್ಲಾಸಿನ ತನಕ ಬದಿಯಡ್ಕ ಕಡೆಯ ಕನ್ನಡ ಮೀಡಿಯಂ. ಮಲಯಾಳ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಲಿತದ್ದು. ಮಾತಾಡಿದರೆ ತಲಶ್ಶೇರಿಯವರೂ ನನ್ನನ್ನು ಮಲಯಾಳಿ ಅಂದುಕೊಳ್ಳುತ್ತಾರೆ. ಓದಲು ಮಾತ್ರ ಒಂದೊಂದೇ ಅಕ್ಷರ ಕೂಡಿಸಬೇಕು. ಹದಿಮೂರು ವರ್ಷದಿಂದ ಶಿಫ್ಟ್ ಹ್ಯಾಂಡೋವರ್‌ನಲ್ಲಿ ಇಂಗ್ಲಿಷ್ ಸಾಲುಗಳನ್ನು ಓದಿ, ಮಲಯಾಳದ ಸಾಲುಗಳ ಮೇಲೆ ಗಂಭೀರವಾಗಿ ಕಣ್ಣಾಡಿಸಿ ಸಹಿ ಹಾಕುತ್ತಾ ಬಂದಿದ್ದೇನೆ. ಯಾರಿಗೂ ಹೇಳಿರಲಿಲ್ಲ. 207ರ ಆ ಸಾಲಿನ ಕೆಳಗೂ ನನ್ನ ಸಹಿ ಇತ್ತು.

ಹಾಗಂತ ಮ್ಯಾನೇಜ್‌ಮೆಂಟನ್ನು ಬಿಡುವುದಿಲ್ಲ. ಎಸಿ ಸರಿಯಿಲ್ಲದ ರೂಮನ್ನು ಸಿಸ್ಟಮ್‌ನಲ್ಲಿ ಔಟ್ ಆಫ್ ಆರ್ಡರ್ ಅಂತ ಹಾಕಬೇಕು. ಹಾಕಿದರೆ ಬೆಳಿಗ್ಗೆಯ ರಿಪೋರ್ಟಿನಲ್ಲಿ ಓನರಿಗೆ ಕಾಣುತ್ತದೆ, ಫೋನ್ ಬರುತ್ತದೆ. ಅದಕ್ಕೆ ಡಮ್ಮಿ ಹೆಸರು. ರಿಪೇರಿಗೆ ಎಂಜಿನಿಯರಿಂಗಿನವರ ಉತ್ತರ ಒಂದೇ: "ನಾಳೆ ಶರಿಯಾಕ್ಕಾಂ." ಆ ನಾಳೆಯ ನಡುವೆ ನಾನು ಹೋಗಿ ಬಿದ್ದೆ.

ಎಸಿ ಬಂದ್ ಮಾಡಿದೆವು. ಮಂಚವನ್ನು ನಾಲ್ವರು ಸೇರಿ ಕಿಟಕಿಯ ಕಡೆ ಎಳೆದೆವು. ಫ್ಯಾನ್ ಹಾಕಿ, ಸೊಳ್ಳೆ ಬತ್ತಿ ಹಚ್ಚಿ, ಎಸಿಯ ಕೆಳಗೆ ಚೇಚಿಯ ಬಕೆಟ್ಟು ಇಟ್ಟೆವು. ಹುಡುಗ ಮಾತ್ರ ಖುಷಿಯಲ್ಲಿದ್ದ. ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹನಿ ಲೆಕ್ಕ ಮಾಡುತ್ತಿದ್ದ. ನಾನು ಹೊರಡುವಾಗ ಎಪ್ಪತ್ತಮೂರಕ್ಕೆ ಬಂದಿದ್ದ. ಬಾಗಿಲಲ್ಲಿ ನಾನು ಎರಡೂ ನೋಟು ತೆಗೆದು ಅಪ್ಪನಿಗೆ ಕೊಡಲು ಹೋದೆ. "ನಾಳೆ ನೋಡೋಣ ಬಿಡಿ" ಎಂದು ಬಾಗಿಲು ಹಾಕಿಕೊಂಡರು.

ಮರುದಿನ ಮಧ್ಯಾಹ್ನ ಡ್ರೈನ್ ಪೈಪು ಊದಿ ಸರಿ ಮಾಡಿದರು. ಹತ್ತು ನಿಮಿಷದ ಕೆಲಸ. ನನಗೆ ಮೆಮೋ ಬಂತು, ಒಂದು ತಿಂಗಳು ಅಪ್‌ಸೆಲ್ ಇನ್ಸೆಂಟಿವ್ ಕಟ್. ಡಮ್ಮಿ ಹೆಸರಿನ ಬಗ್ಗೆ ಮೆಮೋದಲ್ಲಿ ಒಂದು ಶಬ್ದವೂ ಇರಲಿಲ್ಲ.

26ಕ್ಕೆ ಚೆಕ್‌ಔಟ್. ನೋಟು ಎರಡನ್ನೂ ಕೌಂಟರಿನ ಮೇಲೆ ಇಟ್ಟೆ. ಅವರು ಸ್ವಲ್ಪ ಯೋಚನೆ ಮಾಡಿದರು. ಒಂದನ್ನು ತಗೊಂಡರು, ಇನ್ನೊಂದನ್ನು ನನ್ನ ಕಡೆಗೆ ತಳ್ಳಿದರು. "ಎರಡನೇ ರಾತ್ರಿ ಚೆನ್ನಾಗಿತ್ತಲ್ಲ" ಅಂದರು. ತಮಾಷೆಗೆ ಅಲ್ಲ, ನಿಜವಾಗಿಯೂ ಲೆಕ್ಕ ಹಾಕಿಯೇ ಹೇಳಿದ್ದು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಆ ಐನೂರನ್ನು ಎಲ್ಲರೂ ನೋಡುವ ಹಾಗೆ ಟಿಪ್ ಬಾಕ್ಸಿಗೆ ಹಾಕಿದೆ. ಬೆಲ್ ಬಾಯ್ ಅವತ್ತು ರಜೆ.

ನನಗೆ ಮಲಯಾಳ ಓದಲು ಬರುವುದಿಲ್ಲ ಅಂತ ಚೇಚಿಗೆ ಹೇಗೋ ಗೊತ್ತಾಗಿದೆ. ನಾನು ಹೇಳಿಲ್ಲ, ಅವರು ಕೇಳಿಲ್ಲ. ಈಗ ಲಾಗ್ ಬುಕ್ಕಿನಲ್ಲಿ ರೂಮ್ ನಂಬರಿನ ಪಕ್ಕ ಚಿಕ್ಕ ಚಿಕ್ಕ ಚಿತ್ರ ಇರುತ್ತದೆ. ಬಲ್ಬು, ನಲ್ಲಿ, ಬೀಗ. ನಿನ್ನೆ 207ರ ಪಕ್ಕ ಮೂರು ಹನಿ ಇತ್ತು.