"ಎಷ್ಟು ಬರುತ್ತೆ ಸಾರ್?"

ಈ ವಾರ ಒಂದು ತಾಲ್ಲೂಕಿನ ಬಿ.ಆರ್.ಸಿ.ಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ವಿಶೇಷ ಅಗತ್ಯವುಳ್ಳ ಮಕ್ಕಳ ವೈದ್ಯಕೀಯ ತಪಾಸಣಾ ಶಿಬಿರ. ಕಣ್ಣಿಗೊಂದು ಮೇಜು, ಕಿವಿಗೊಂದು, ಮೂಳೆಗೊಂದು, ಕಿಟಕಿ ಪಕ್ಕದಲ್ಲಿ ಮನೋವೈದ್ಯರದ್ದು. ಐದನೇ ತರಗತಿಯ ಹುಡುಗನೊಬ್ಬ ತಾಯಿಯ ಜೊತೆ ಮೊದಲ ಮೂರೂ ಮೇಜು ದಾಟಿ ಬಂದಿದ್ದ. ಎಲ್ಲ ಕಡೆ "ಸರಿಯಿದೆ" ಎಂದೇ ಬರೆದಿದ್ದರು.

"ಹಾಗಾದ್ರೆ ಇವನಿಗೆ ಏನಾಗಿದೆ?" ಎಂದರು ಹೆಸರು ಬರೆದುಕೊಳ್ಳುತ್ತಿದ್ದವರು.

"ಓದಕ್ಕೆ ಬರಲ್ಲ."

"ಓದಕ್ಕೆ ಬರದವ್ರು ಊರ ತುಂಬ ಇದಾರಮ್ಮ."

ತಾಯಿ ಅದಕ್ಕೆ ಏನೂ ಹೇಳದೆ, "ಹೆಸರು ಬರೆಸಿದ್ರೆ ಎಷ್ಟು ಬರುತ್ತೆ ಸಾರ್?" ಎಂದು ಕೇಳಿದರು.

ಸುತ್ತ ನಿಂತವರು ನಕ್ಕರು. ಜೊತೆಗೆ ಬಂದಿದ್ದ ಮೇಷ್ಟ್ರು, "ಇವರಿಗೆಲ್ಲ ದುಡ್ಡಿನದೇ ಧ್ಯಾನ" ಎಂದು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೂರು ಕುರ್ಚಿಯಾಚೆಗೂ ಕೇಳಿಸಿತು. ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಅದಕ್ಕೆ ಸರಿಯಾದ ಉತ್ತರ ನಕ್ಕವರಲ್ಲಿ ಯಾರ ಬಳಿಯೂ ಇರಲಿಲ್ಲ ಅನ್ನುವುದೇ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ.

ಎಷ್ಟು ಬರುತ್ತೆ? ಎಲ್ಲರ ಬಾಯಲ್ಲೂ ಓಡಾಡುವ ಅಂಕಿ 3,500. ಕೇಂದ್ರದ ಶಾಲಾ ಯೋಜನೆ ಸಮಗ್ರ ಶಿಕ್ಷಣ 2018ರಲ್ಲಿ ಶುರುವಾದಾಗ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,000 ಇದ್ದ ಮಿತಿಯನ್ನು 3,500 ಮಾಡಿದರು. ಅದು ಮಗುವಿನ ಕೈಗೆ ಬರುವ ದುಡ್ಡಲ್ಲ, ಯೋಜನೆ ತಯಾರಿಸುವಾಗ ತಲೆಗೆ ಇಷ್ಟು ಎಂದು ಲೆಕ್ಕ ಹಾಕುವ ಗರಿಷ್ಠ ಮೊತ್ತ. ಬ್ರೈಲ್ ಪುಸ್ತಕ, ದಪ್ಪಕ್ಷರದ ಪುಸ್ತಕ, ಸಾಧನ ಸಲಕರಣೆ, ಥೆರಪಿ, ಇಂಥ ಶಿಬಿರದ ಖರ್ಚು ಎಲ್ಲ ಅದರಲ್ಲೇ. ಬರಲಾರದ ಮಕ್ಕಳಿಗೆ ಸಾರಿಗೆ ಭತ್ಯೆ, ಕರೆತರುವವರಿಗೆ ಬೆಂಗಾವಲು ಭತ್ಯೆ ಇದೆ. ಈ ಹುಡುಗ ನಡೆದುಕೊಂಡೇ ಶಾಲೆಗೆ ಬರುತ್ತಾನೆ, ಆದ್ದರಿಂದ ಅದೂ ಇಲ್ಲ.

ನೇರವಾಗಿ ಖಾತೆಗೆ ಬೀಳುವುದು ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳ ಪ್ರೋತ್ಸಾಹಧನ: ತಿಂಗಳಿಗೆ 200, ಹತ್ತು ತಿಂಗಳಿಗೆ 2,000, ಒಂದರಿಂದ ಹನ್ನೆರಡನೇ ತರಗತಿವರೆಗೆ. ಈತ ಗಂಡು, ಸೊನ್ನೆ. ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಗೆ ಮಾತ್ರ, ಅದಕ್ಕೆ ಶೇ 40 ನ್ಯೂನತೆಯ ಪ್ರಮಾಣಪತ್ರ ಬೇಕು, ಪೋಷಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ಮೀರಬಾರದು. ಈತ ಐದನೆಯಲ್ಲಿದ್ದಾನೆ, ಮತ್ತೆ ಸೊನ್ನೆ. ರಾಜ್ಯದ ವಿಕಲಚೇತನರ ಇಲಾಖೆಯದ್ದೂ ಒಂದು ವಿದ್ಯಾರ್ಥಿವೇತನ ಉಂಟು, ಅದಕ್ಕೂ ಬಾಗಿಲು ಪ್ರಮಾಣಪತ್ರವೇ.

ಅರ್ಹತೆ ಇದ್ದವರಿಗೂ ದುಡ್ಡು ತಪ್ಪುವುದು ಹೆಚ್ಚಾಗಿ ಹೆಸರಿನಲ್ಲಿ. ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು, ವಿಕಲಚೇತನರ ಗುರುತಿನ ಯು.ಡಿ.ಐ.ಡಿ. ಕಾರ್ಡಿನಲ್ಲಿ ಮೂರನೆಯದು. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು, ಎನ್.ಪಿ.ಸಿ.ಐ. ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಎಂಬ ಜೋಡಣೆ ಆಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ್ದಕ್ಕೆ ದುಡ್ಡು ಹೋಗುತ್ತದೆ. ಪಾಸ್‌ಬುಕ್ ಹಿಡಿದು ಹೈಸ್ಕೂಲಿಗೆ ಬರುವ ಪೋಷಕರಲ್ಲಿ ಎಷ್ಟೋ ಜನರ ಹಣ ಮರೆತುಹೋದ ಖಾತೆಯಲ್ಲಿ ಕೂತಿರುತ್ತದೆ.

ಇನ್ನು ಆ ಮೊದಲ ಮಾತು. "ಓದಕ್ಕೆ ಬರದವ್ರು ಊರ ತುಂಬ ಇದಾರಮ್ಮ." ಹಾಗೆ ಅಂದವರು ಕೆಟ್ಟವರಲ್ಲ, ಮಧ್ಯಾಹ್ನದವರೆಗೆ ನೀರೂ ಕುಡಿಯದೆ ಸಾಲು ನಿಭಾಯಿಸಿದವರು. ಆದರೆ ಬುದ್ಧಿಗೆ ಕೊರತೆಯಿಲ್ಲದೆ ಓದು, ಬರಹ, ಲೆಕ್ಕ ಮಾತ್ರ ಕೈಗೆ ಹತ್ತದಿರುವುದಕ್ಕೆ ಕಲಿಕಾ ನ್ಯೂನತೆ ಎಂಬ ಹೆಸರಿದೆ. ವಿಕಲಚೇತನರ 1995ರ ಕಾಯ್ದೆಯ ಏಳು ಬಗೆಯಲ್ಲಿ ಅದು ಇರಲೇ ಇಲ್ಲ, 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗಷ್ಟೇ ಅದು ಒಳಗೆ ಬಂತು. ಪಟ್ಟಿ ಬೆಳೆದರೂ ಶಿಬಿರದ ಮೇಜುಗಳು ಹಳೆಯವೇ. ಗಾಲಿಕುರ್ಚಿ, ಶ್ರವಣಯಂತ್ರ ಕೊಡಲು ನಮ್ಮ ವ್ಯವಸ್ಥೆ ಪಳಗಿದೆ, ಇವನ್ನು ತಯಾರಿಸುವ ಕೇಂದ್ರದ ಸಂಸ್ಥೆ ಅಲಿಮ್ಕೋದ ಗಾಡಿ ಬಂದರೆ ಫೋಟೋಗೂ ಚೆನ್ನ. ಓದಲು ತಡವರಿಸುವ ಮಗುವಿಗೆ ಕೊಡುವಂಥ ವಸ್ತು ಯಾವುದೂ ಇಲ್ಲ.

ಗುರುತಿಸುವ ಹೊಣೆ ಶಾಲೆಯದು. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಿಕ್ಷಕರು ಸ್ಕ್ರೀನಿಂಗ್ ಮಾಡಬೇಕು ಎಂದು 2018ರ ಕೇಂದ್ರ ಮಾರ್ಗಸೂಚಿ ಹೇಳಿತು. ಎನ್.ಸಿ.ಇ.ಆರ್.ಟಿ.ಯ 'ಪ್ರಶಸ್ತ್' ಆ್ಯಪ್ ಕೂಡ ಇದೆ: ಮೊದಲ ಭಾಗ ತರಗತಿ ಶಿಕ್ಷಕರಿಗೆ, ಎರಡನೆಯದು ವಿಶೇಷ ಶಿಕ್ಷಕರಿಗೆ. ತೊಡಕು ಎಲ್ಲಿ ಎಂದರೆ, ಕನ್ನಡದ ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತಲು ಬಹಳಷ್ಟು ಮಕ್ಕಳಿಗೆ ಮೂರನೇ ತರಗತಿ ದಾಟುತ್ತದೆ. "ಇನ್ನೂ ಚಿಕ್ಕವನು, ಬರುತ್ತೆ ಬಿಡಿ" ಎಂದು ಮೇಷ್ಟ್ರು ಹೇಳುವುದು ಅದಕ್ಕೇ. ಇಂಗ್ಲಿಷಿನ ಚೆಕ್‌ಲಿಸ್ಟ್ ನೋಡಿ 'ಬಿ'ಯನ್ನು 'ಡಿ' ಬರೆಯುತ್ತಾನಾ ಎಂದು ಹುಡುಕುವವರಿಗೆ ಕನ್ನಡ ಮಾಧ್ಯಮದ ಮಗು ಸಿಕ್ಕುವುದಿಲ್ಲ. ಇಲ್ಲಿ ನೋಡಬೇಕಾದ್ದು ಬೇರೆ: ದೀರ್ಘ ಬಿಟ್ಟುಹೋಗುವುದು, ಒತ್ತು ಪಕ್ಕದ ಅಕ್ಷರಕ್ಕೆ ಹಾರುವುದು, ಎರಡು ಸಾಲು ಓದುವಷ್ಟರಲ್ಲಿ ಸುಸ್ತಾಗಿ ಉಳಿದದ್ದನ್ನು ಊಹಿಸಿ ಹೇಳುವುದು, ಬಾಯಲ್ಲಿ ಪಾಠ ಪೂರ್ತಿ ಒಪ್ಪಿಸಿ ಹಾಳೆಯಲ್ಲಿ ಮೂರು ಪದ ಬರೆಯುವುದು. ತಪ್ಪಿಗಿಂತ ನಿಧಾನವೇ ದೊಡ್ಡ ಸುಳಿವು.

ಶಾಲೆ ಗುರುತಿಸಿದ ಮೇಲೆ ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ಮಕ್ಕಳ ತಜ್ಞರು, ಕಣ್ಣು ಕಿವಿ ಪರೀಕ್ಷೆ. ಆಮೇಲೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಮತ್ತೆಯ ಪರೀಕ್ಷೆ, ಅದರಲ್ಲಿ ಕೊರತೆಯಿಲ್ಲ ಎಂದಾದ ಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ ಬಳಕೆಯಲ್ಲಿದೆ. ಒಂದೇ ದಿನ ಮುಗಿಯುವ ಕೆಲಸವಲ್ಲ, ದಣಿದ ಮಗುವನ್ನು ಪರೀಕ್ಷಿಸಿದರೆ ಫಲಿತಾಂಶವೂ ದಣಿದೇ ಬರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದ ಜಿಲ್ಲಾಸ್ಪತ್ರೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಚೀಟಿ ಬರೆಯುತ್ತಾರೆ. ಮತ್ತೆ ಕೂಲಿ, ಮತ್ತೆ ಬಸ್ಸು. ಎಷ್ಟು ಬರುತ್ತೆ ಎಂದು ಕೇಳಿದ ತಾಯಿಗೆ ಎಷ್ಟು ಹೋಗುತ್ತೆ ಎಂದು ಹೇಳುವವರೂ ಇರಲಿಲ್ಲ.

ಹಾಗಾದರೆ ಇಷ್ಟೆಲ್ಲ ಏಕೆ? ಈ ಹುಡುಗನಿಗೆ ಬರಬೇಕಾದದ್ದು ಸಮಯ. 2016ರ ಕಾಯ್ದೆಯ 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಂದು ಬಾಯಿಬಿಟ್ಟು ಹೇಳುತ್ತದೆ. ಹೆಚ್ಚುವರಿ ಸಮಯಕ್ಕೆ ಕೇಂದ್ರದ ಅಳತೆ ಗಂಟೆಗೆ ಕನಿಷ್ಠ 20 ನಿಮಿಷ, ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಎಸ್.ಎಸ್.ಎಲ್.ಸಿ.ಯಲ್ಲಿ ಪಾಸು ಫೇಲು ನಿರ್ಧರಿಸುವ ಗಂಟೆ ಅದು.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 14ನೇ ವಯಸ್ಸಿಗೆ, ಮತ್ತೆ 18ಕ್ಕೆ ಹೊಸದಾಗಿ ಮಾಡಿಸಬೇಕು, 18ರದ್ದು ಮಾತ್ರ ಶಾಶ್ವತ. ಐದನೇ ತರಗತಿಯಲ್ಲಿ ಮಾಡಿಸಿ ಟ್ರಂಕಿನಲ್ಲಿಟ್ಟವರು ಹತ್ತನೇ ತರಗತಿಯಲ್ಲಿ ತೆಗೆದಾಗ ಅದರ ಕಾಲ ಮುಗಿದಿರುತ್ತದೆ. ಎಂಟನೇ ತರಗತಿ ಮುಗಿಯುವಾಗಲೇ ಮರುಪರೀಕ್ಷೆಗೆ ಹೋಗಬೇಕು, ಒಂಬತ್ತರಲ್ಲಿ ಕಾಗದ ಕೈಯಲ್ಲಿದ್ದರೆ ಹತ್ತರಲ್ಲಿ ನೋಂದಣಿ ಹೊತ್ತಿಗೆ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಸಲೀಸು.

ಸಹಾಯಕರು ಸಿಕ್ಕರೂ ಸಾಲದು. ಹೇಳಿ ಬರೆಸುವುದು ಬೇರೆಯೇ ವಿದ್ಯೆ. ರೂಢಿಯಿಲ್ಲದ ಮಗು ಅಪರಿಚಿತರ ಮುಂದೆ ಬಾಯಿ ಕಟ್ಟಿ ಕೂರುತ್ತದೆ. ಎಲ್ಲಿ ವಾಕ್ಯ ಮುಗಿಯಿತು, ಲೆಕ್ಕದಲ್ಲಿ ಯಾವ ಹಂತ ಯಾವುದರ ಕೆಳಗೆ, ತ್ರಿಭುಜದ ಯಾವ ಮೂಲೆಗೆ ಯಾವ ಅಕ್ಷರ, ಇದನ್ನೆಲ್ಲ ಬಾಯಲ್ಲಿ ಹೇಳಿ ಅಭ್ಯಾಸ ಆಗಬೇಕು. ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಸಹಾಯಕರನ್ನು ಕೂರಿಸಬೇಕು. ಬರೆಯಲು ಬರುವ, ಓದಲಷ್ಟೇ ಕಷ್ಟಪಡುವ ಮಗುವಿಗೆ ಬೇಕಾದವರು ಪ್ರಶ್ನೆ ಓದಿ ಹೇಳುವವರು. ಅರ್ಜಿಯಲ್ಲಿ ಅದನ್ನೇ ಸ್ಪಷ್ಟವಾಗಿ ಕೇಳಬೇಕು.

ಇದನ್ನೆಲ್ಲ ಕಲಿಸುವವರು ಯಾರು? ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು, 2022ರಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು: ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ. ನಮ್ಮಲ್ಲಿ ಬಿ.ಐ.ಇ.ಆರ್.ಟಿ.ಗಳು, ಅಂದರೆ ಈ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು, ತಾಲ್ಲೂಕಿಗೆ ಕೈಬೆರಳೆಣಿಕೆಯಷ್ಟು, ಊರಿಂದೂರಿಗೆ ಬೈಕಿನಲ್ಲಿ ಸುತ್ತುತ್ತಾ, ಮನೆಯಾಧಾರಿತ ಶಿಕ್ಷಣದ ಮಕ್ಕಳನ್ನೂ ನೋಡುತ್ತಾ, ಉಳಿದ ಹೊತ್ತಿನಲ್ಲಿ ಆನ್‌ಲೈನ್ ಎಂಟ್ರಿ ಮಾಡುತ್ತಾರೆ. ಆ ತಾಯಿಯ ಪ್ರಶ್ನೆಗೆ ನಗದೆ ಇದ್ದದ್ದು ಅಂಥವರೊಬ್ಬರು ಮಾತ್ರ.

ಕೊನೆಗೆ ಜಿಲ್ಲಾಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟರು: "ಓದಿನಲ್ಲಿ ಹಿಂದೆ." ಅಷ್ಟೇ ಹಿಡಿದು ಹೋದರೆ ಇನ್ನೊಂದು ದಿನದ ಕೂಲಿ ದಂಡ. ಜೊತೆಗೆ ಹೋಗಬೇಕಾದ್ದು ಇಷ್ಟು: ಶಾಲೆಯ ಲೆಟರ್‌ಹೆಡ್‌ನಲ್ಲಿ ತರಗತಿ ಶಿಕ್ಷಕರ ವರದಿ, ಕಲಿಕೆಯ ಮಾಧ್ಯಮ ಯಾವುದು ಎಂದು ನಮೂದಿಸಿ, ಎರಡು ವರ್ಷದ ಅಂಕಪಟ್ಟಿ, ಮಗು ತಾನೇ ಬರೆದ, ತಿದ್ದದ ನೋಟ್‌ಬುಕ್, ಬೋರ್ಡ್ ನೋಡಿ ನಕಲು ಮಾಡಿದ ಪುಟ ಒಂದು, ಉಕ್ತಲೇಖನದ್ದು ಇನ್ನೊಂದು, ಈ ಶಿಬಿರದ ಕಣ್ಣು ಕಿವಿಯ ವರದಿ, ಆಧಾರ್, ಫೋಟೋ. ನೋಟ್‌ಬುಕ್ ಹಳೆಯದಾದಷ್ಟೂ ಒಳ್ಳೆಯದು. ಮೂರನೇ ತರಗತಿಯದ್ದು ರದ್ದಿಗೆ ಹೋಗದೆ ಉಳಿದಿದ್ದರೆ ಅದನ್ನೇ ಮೇಲಿಡಿ.