ಥರ್ಮಲ್ ಪ್ರಿಂಟರಿನಲ್ಲಿ ಕನ್ನಡ ಬಿಲ್ಲು: ಒತ್ತಕ್ಷರ ಕೂತವು

ಸದ್ಯದ ಪ್ರಗತಿ: ವಿಜಯಪುರದ ನಮ್ಮ ಕಾಕಾನ ರೊಟ್ಟಿ ಅಂಗಡಿಯ ಬಿಲ್ಲಿನಲ್ಲಿ ‘ಗುರೆಳ್ಳ ಚಟ್ನಿ’ ಈಗ ಒತ್ತು ಸಮೇತ ಬರುತ್ತಿದೆ. ಮೊದಲು ಆ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದವು.

ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುತ್ತಿದ್ದದ್ದು ವಿಂಡೋಸ್‌ನ ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’ ಡ್ರೈವರ್, ಅಂದರೆ ಪ್ರಿಂಟರಿನ ಜೊತೆ ಮಾತಾಡುವ ತಂತ್ರಾಂಶ. ಅದು ಕಂಪ್ಯೂಟರಿನ ಫಾಂಟನ್ನು ಮುಟ್ಟುವುದೇ ಇಲ್ಲ. ಅಕ್ಷರದ ಸಂಕೇತ ಕಳಿಸಿ ಕೈ ತೊಳೆದುಕೊಳ್ಳುತ್ತದೆ. ಆಕಾರ ಕೊಡುವುದು ಪ್ರಿಂಟರಿನೊಳಗಿನ ಫಾಂಟು: 12×24 ಚುಕ್ಕಿಯ ಇಂಗ್ಲಿಷ್ ಅಕ್ಷರ, 80 ಮಿ.ಮೀ. ಕಾಗದದಲ್ಲಿ ಸಾಲಿಗೆ 48. ಅದರಲ್ಲಿ ಕನ್ನಡವಿಲ್ಲ. ಇದ್ದಿದ್ದರೂ ಸಾಲುತ್ತಿರಲಿಲ್ಲ. ‘ಖರ್ಚು’ ಬರೆಯುವಾಗ ‘ರ್’ ಮೊದಲು ಟೈಪಾದರೂ ಅರ್ಕಾವೊತ್ತು (ಆ ‘ರ್’ನ ಚಿಹ್ನೆ) ‘ಚು’ ಆದ ಮೇಲೆ ಕೂರಬೇಕು. ಈ ಜೋಡಣೆಯನ್ನು ಕಂಪ್ಯೂಟರೇ ಮಾಡಿ ಕಳಿಸಬೇಕು.

ಹಾಗಾಗಿ ಪೈಥಾನ್ ಭಾಷೆಯ ಚಿತ್ರ ಲೈಬ್ರರಿ ಪಿಲ್ಲೋದಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟಿನಿಂದ ಇಡೀ ಸಾಲನ್ನು 576 ಚುಕ್ಕಿ ಅಗಲದ ಚಿತ್ರ ಮಾಡಿ, ಬಿಲ್ ಪ್ರಿಂಟರುಗಳ ಆಜ್ಞಾಭಾಷೆ ಇಎಸ್‌ಸಿ/ಪಿಒಎಸ್‌ನ ರಾಸ್ಟರ್ (ಚುಕ್ಕಿಚಿತ್ರದ) ಕಮಾಂಡಿನಲ್ಲಿ ಕಳಿಸುತ್ತಿದ್ದೇನೆ. ಪಿಲ್ಲೋ ಜೊತೆಗೆ ಲಿಬ್‌ರಾಕ್ಮ್ ಎಂಬ ಲೈಬ್ರರಿ ಇರಲೇಬೇಕು, ಅದರ ಮೂಲಕವೇ ಹಾರ್ಫ್‌ಬಜ್ ಎಂಬ ತಂತ್ರಾಂಶ ಅಕ್ಷರ ಜೋಡಿಸುವುದು. ಅದಿಲ್ಲದೆ ‘ರೊಟ್ಟಿ’ಯ ಎರಡು ಟ-ಗಳು ಪಕ್ಕಪಕ್ಕ, ನಡುವೆ ಒಂದು ಅನಾಥ ಹಲಂತ.

ಹೆಚ್ಚು ಹೊತ್ತು ತಿಂದದ್ದು ಕಪ್ಪು-ಬಿಳುಪಿನ ಲೆಕ್ಕ. ಥರ್ಮಲ್ ಹೆಡ್ಡಿಗೆ (ಬಿಸಿಯಿಂದ ಅಚ್ಚು ಮೂಡಿಸುವ ಭಾಗ) ಬೂದು ಬಣ್ಣವೇ ಇಲ್ಲ. ಚುಕ್ಕಿ ಸುಡಬೇಕು ಇಲ್ಲ ಬಿಡಬೇಕು. ಪಿಲ್ಲೋ ಬೂದು ಚಿತ್ರವನ್ನು ಎರಡು ಬಣ್ಣಕ್ಕೆ ಇಳಿಸುವಾಗ ತಾನಾಗಿಯೇ ಡಿಥರಿಂಗ್ ಮಾಡುತ್ತದೆ, ಅಂದರೆ ಬೂದನ್ನು ಚದುರಿದ ಕಪ್ಪು ಚುಕ್ಕಿಗಳಲ್ಲಿ ತೋರಿಸುತ್ತದೆ. ಫೋಟೋಕ್ಕೆ ಅದು ಒಳ್ಳೆಯದು, ಅಕ್ಷರಕ್ಕಲ್ಲ: ‘ಳ್ಳ’ದ ಒತ್ತಿನ ಸುತ್ತ ಹಿಟ್ಟು ಉದುರಿದ ಹಾಗೆ ಚುಕ್ಕಿಗಳು. ಡಿಥರಿಂಗ್ ನಿಲ್ಲಿಸಿ, ಸಾಲಿನ ಎತ್ತರವನ್ನು 44 ಚುಕ್ಕಿಗೆ ಏರಿಸಿದ ಮೇಲೆ ಒತ್ತಿನ ಬುಡ ಕತ್ತರಿಸುವುದೂ ನಿಂತಿತು.

ಚಿತ್ರ ಭಾರ. 48 ಅಕ್ಷರಕ್ಕೆ 48 ಬೈಟಿನ ಸಾಲು, ಎಂಟು ಚುಕ್ಕಿಗೆ ಒಂದು ಬೈಟಿನಂತೆ 3,168 ಬೈಟ್ ಆಗುತ್ತದೆ. ಹಳೆಯ ಸೀರಿಯಲ್ ಕೇಬಲಿನಲ್ಲಿ, ಸೆಕೆಂಡಿಗೆ 9600 ಬಿಟ್ ವೇಗಕ್ಕೆ, ಸಾಲಿಗೆ ಮೂರು ಸೆಕೆಂಡಿಗೂ ಹೆಚ್ಚು. “ಗಿರಾಕಿ ನಿಂತಾರಪಾ, ಹಿಂಗ ಒಂದೊಂದ ಸಾಲು ಬಂದ್ರ ಹೆಂಗ?” ಅಂದ ಕಾಕಾ. ಯುಎಸ್‌ಬಿಗೆ ಬದಲಿಸಿದೆ, ಆ ದೂರು ಮುಗಿಯಿತು. ಅಡ್ಡಗೆರೆ, ಕಾಗದ ಕತ್ತರಿಸುವ ಆಜ್ಞೆ ಮಾತ್ರ ಈಗಲೂ ಟೆಕ್ಸ್ಟ್ ಆಗಿಯೇ ಹೋಗುತ್ತವೆ, ಅವಕ್ಕೆ ಚಿತ್ರ ದಂಡ.

ಮುಂದಿನದು 58 ಮಿ.ಮೀ. ಬ್ಯಾಟರಿ ಪ್ರಿಂಟರ್. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಅಂಗಡಿ ಹಾಕುವಾಗ ಅದೇ ಬೇಕು. ಅಗಲ 384 ಚುಕ್ಕಿ ಮಾತ್ರ, ಹೆಸರು, ದರ, ಮೊತ್ತ ಒಂದೇ ಸಾಲಿನಲ್ಲಿ ಹಿಡಿಯುವುದಿಲ್ಲ. ಹೆಸರನ್ನು ಮೇಲೆ, ಅಂಕಿಗಳನ್ನು ಕೆಳಗೆ ಇಟ್ಟು ನೋಡುತ್ತಿದ್ದೇನೆ.